ನೀಲವ್ವ ಇನ್ನೂ ನೀರಿನಲ್ಲಿದ್ದಾಳೆ

ಗಂಗಾಬಾಯಿಯವರ ಬಗ್ಗೆ ಬರೆಯಲು ನನಗೆ ಮುಖವಿಲ್ಲ. ಬರೆಯಬೇಕಿದ್ದ ಜಾಗದಲ್ಲಿ ಬರೆಯದೆ ಹೋದದ್ದಕ್ಕೆ ಈಗ ಇಲ್ಲಿ ಬರೆಯುತ್ತಿದ್ದೇನೆ.

ಆಳಂದದ ಹೈಸ್ಕೂಲಿಗೆ ಟೀಚರಾಗಿ ಬಂದ ಮೇಲೆ ಎರಡೂವರೆ ವರ್ಷ ಅವರ ಮನೆಯ ಮುಂದಿನ ಕೋಣೆಯಲ್ಲಿದ್ದೆ. ಎಲ್ಲರೂ ಅವರನ್ನು ಆಯಿ ಅನ್ನುತ್ತಿದ್ದರು, ನಾನೂ ಅಂದೆ. ಅವರು ಹುಟ್ಟಿದ್ದು ಕೊಳಕೂರಿನಲ್ಲಿ. ಗಂಡ ಮಾಳಿಂಗಪ್ಪ ಇಲ್ಲಿನ ತೊಗರಿ ಅಡತಿಯಲ್ಲಿ ಚೀಲ ಹೊರಲು ಬಂದಾಗ ಜೊತೆಗೆ ಬಂದವರು. ಅವನು ತೀರಿಕೊಂಡು ಹನ್ನೊಂದು ವರ್ಷವಾಯಿತು. ಅಂದಿನಿಂದ ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ಮನೆಯಿಂದಲೇ ಜೋಳದ ರೊಟ್ಟಿ ಬಡಿದು ಕಳಿಸುತ್ತಾರೆ. ಜೊತೆಗೆ ಸೊಸೆ ಭಾಗ್ಯಜ್ಯೋತಿ, ಪಕ್ಕದ ಮನೆಯ ನಜಮುನ್ನಿಸಾ, ಇನ್ನಿಬ್ಬರು. ನನ್ನ ಊಟವೂ ಅಲ್ಲೇ. ಅದಕ್ಕೆ ಬದಲು ನಾನು ಅವರಿಗೆ ಕೊಟ್ಟದ್ದು ಒಂದೇ. ಮಹಿಳಾ ಸಂಘದ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುತ್ತಿದ್ದವರಿಗೆ ಸಹಿ ಮಾಡಲು ಕಲಿಸಿದೆ. ರೊಟ್ಟಿ ಹಿಟ್ಟಿನ ಮೇಲೆ ಬೆರಳಿನಿಂದ ತಮ್ಮ ಹೆಸರು ಬರೆದು ಬರೆದು ಎಂಟು ದಿನದಲ್ಲಿ ಕಲಿತರು.

ರೊಟ್ಟಿ ಬಡಿಯುವಾಗ ಅವರು ನೀಲವ್ವನ ಪದ ಹಾಡುತ್ತಿದ್ದರು. ಆ ಪದದಲ್ಲಿ ಪ್ರತಿ ಮಳೆಗಾಲ ಭೀಮಾ ನದಿ ಊರೊಳಗೆ ಬಂದು ಕರುಗಳನ್ನು ಒಯ್ಯುತ್ತದೆ. ಗಂಡಸರು ಬಡಿಗೆ ಹಿಡಿದು ದಂಡೆಯಲ್ಲಿ ನಿಂತು ಕೂಗಾಡುತ್ತಾರೆ. ನೀಲವ್ವ ಏಳು ರೊಟ್ಟಿ ಕಟ್ಟಿಕೊಂಡು ನೀರಿಗಿಳಿಯುತ್ತಾಳೆ. ಒಂದೊಂದು ಮೆಟ್ಟಿಲಿಗೆ ಒಂದೊಂದು ರೊಟ್ಟಿ ನದಿಗೆ ಕೊಡುತ್ತಾಳೆ. ಏಳನೆಯದನ್ನು ಸೆರಗಿನಲ್ಲಿ ಹಿಡಿದು, ಕರುಗಳನ್ನು ಕೊಟ್ಟರೆ ಇದು ನಿನಗೆ ಅನ್ನುತ್ತಾಳೆ. ನದಿ ಕೊಡುತ್ತದೆ.

ಆದರೆ ಪದ ಅಲ್ಲಿಗೆ ಮುಗಿಯುವುದಿಲ್ಲ. ಹಾಡಿದವಳು ಕೊನೆಗೆ ತನಗೆ ಕಲಿಸಿದವರ ಹೆಸರುಗಳನ್ನೆಲ್ಲ ಊರಿನ ಸಮೇತ ಹೇಳಿ, ಕಡೆಗೆ ತನ್ನದನ್ನೂ ಸೇರಿಸಬೇಕು. ಹೇಳದಿದ್ದರೆ ನೀಲವ್ವ ದಂಡೆ ಹತ್ತುವುದಿಲ್ಲ. ಅವಸರದ ದಿನವೂ ಆಯಿ ಇದನ್ನು ಬಿಟ್ಟಿದ್ದು ನಾನು ನೋಡಿಲ್ಲ. ಹಂಚಿನ ಮೇಲೆ ರೊಟ್ಟಿ ಹೊತ್ತಿದರೂ ಹೆಸರು ಮುಗಿಸಿಯೇ ಮಗುಚುತ್ತಿದ್ದರು.

ನಾನು ಆ ಪದವನ್ನು ಹದಿಹರೆಯದವರಿಗಾಗಿ ಕಾದಂಬರಿ ಮಾಡಿದೆ. ನೀಲವ್ವನಿಗೆ ಹದಿನಾರು ವರ್ಷ, ಕೈಯಲ್ಲಿ ಮಿಂಚಿನ ಕತ್ತಿ, ಸವಾರಿಗೆ ರೆಕ್ಕೆಯ ಮೊಸಳೆ. ರೊಟ್ಟಿ ಹಳೆಯ ಕಾಲದ್ದು ಅನ್ನಿಸಿ ತೆಗೆದುಹಾಕಿದೆ. ಪ್ರಕಾಶಕರು ಫೋನಿನಲ್ಲಿ, "ಇದು ಜನಪದ ಕತೆಯೋ, ನಿಮ್ಮದೋ?" ಎಂದು ಕೇಳಿದರು. ಜನಪದ ಅಂದರೆ ನನ್ನನ್ನು ಬರೀ ಸಂಗ್ರಹ ಮಾಡಿದವಳು ಅಂದಾರು ಎಂಬ ಹೆದರಿಕೆ. "ಪೂರ್ತಿ ನನ್ನದೇ" ಅಂದೆ. ಕೊನೆಯ ಪುಟದಲ್ಲಿ ಒಂದೇ ಸಾಲು ಅಚ್ಚಾಯಿತು: 'ಈ ಕತೆ ಪೂರ್ತಿಯಾಗಿ ಲೇಖಕಿಯ ಕಲ್ಪನೆ.' ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಆಗ ಹಾಗನ್ನಿಸಲಿಲ್ಲ, ಮುಖಪುಟದಲ್ಲಿ ನನ್ನ ಹೆಸರು ನೋಡುತ್ತ ಎರಡು ದಿನ ಕಾಲು ನೆಲದ ಮೇಲಿರಲಿಲ್ಲ.

ಮೊದಲ ಪ್ರತಿಯನ್ನು ಆಯಿಗೇ ಒಯ್ದುಕೊಟ್ಟೆ. ಅಷ್ಟು ನಾಚಿಕೆಗೇಡಿ ನಾನು. ಅವರು ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಂಡು ಪುಸ್ತಕ ತಗೊಂಡರು, ಕಣ್ಣಿಗೊತ್ತಿಕೊಂಡರು.

"ನೀಲವ್ವಂದ ಏನ್ ಟೀಚರ್?"

"ಹೌದ್ರಿ ಆಯಿ."

"ಕಡೀಗಿ ಹೆಸರ್ ಬಂದಾವಲ್ಲ? ಅದೊಂದ್ ಓದಿ ಹೇಳ್ ನೋಡೂಣು."

ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಕೊನೆಯ ಪುಟ ತೆಗೆದು, ಆ ಒಂದು ಸಾಲಿನ ಮೇಲೆ ಬೆರಳಿಟ್ಟು, ಬಾಯಿಪಾಠವಾಗಿದ್ದ ಹೆಸರುಗಳನ್ನೆಲ್ಲ ಓದುವವಳ ಹಾಗೆ ಹೇಳಿದೆ.

"ನನ್ನ ಹೆಸರ್ ಎಲ್ಲದ, ತೋರಸು."

'ಕಲ್ಪನೆ' ಎಂಬ ಪದವನ್ನು ತೋರಿಸಿದೆ. ಆಯಿ ಬಗ್ಗಿ ಅದನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪುಸ್ತಕ ಮುಚ್ಚಿ, "ಚಂದ ಅದ" ಅಂದು ಹಂಚಿನ ಕಡೆ ತಿರುಗಿದರು.

ಮರುದಿನದಿಂದ ಮಧ್ಯಾಹ್ನ ಭಾಗ್ಯಜ್ಯೋತಿ ದಿನಕ್ಕೊಂದು ಅಧ್ಯಾಯ ರೊಟ್ಟಿಯ ಹೆಂಗಸರಿಗೆ ಓದತೊಡಗಿದಳು. ಅವಳು ಹತ್ತನೇ ಇಯತ್ತೆ ಪಾಸಾದವಳು. ಇದು ನನಗೆ ಹೊಳೆದೇ ಇರಲಿಲ್ಲ ನೋಡಿ. ಇಪ್ಪತ್ತೊಂದು ಅಧ್ಯಾಯ. ಶಾಲೆಯಲ್ಲಿ ಪಾಠ ಮಾಡುತ್ತ ದಿನ ಎಣಿಸಿದೆ. ಪುಸ್ತಕ ಕದ್ದು ಕೊನೆಯ ಹಾಳೆ ಹರಿದುಬಿಡಲೇ ಎಂದೂ ಯೋಚಿಸಿದೆ. ಮಕ್ಕಳಿಗೆ ಸತ್ಯದ ಬಗ್ಗೆ ಪ್ರಬಂಧ ಬರೆಸುವ ಟೀಚರ್ ನಾನು.

ಕಡೆಯ ಅಧ್ಯಾಯದ ದಿನ ಶನಿವಾರ, ಅರ್ಧ ದಿನದ ಶಾಲೆ. ಮನೆಗೆ ಬಂದಾಗ ಭಾಗ್ಯಜ್ಯೋತಿ ಮುಗಿಸುವುದರಲ್ಲಿದ್ದಳು. ಒಳಗೂ ಹೋಗದೆ ಹೊರಗೂ ಹೋಗದೆ ಬಾಗಿಲಲ್ಲೇ ನಿಂತೆ. ನೀಲವ್ವ ಕತ್ತಿ ಬೀಸಿದಳು, ನದಿ ಶರಣಾಯಿತು, ಹಾಳೆ ತಿರುಗಿತು. ಭಾಗ್ಯಜ್ಯೋತಿ ಆ ಸಾಲು ನೋಡಿ, ನನ್ನನ್ನೂ ನೋಡಿದಳು. ಆಮೇಲೆ ತಲೆ ಬಗ್ಗಿಸಿ ಒಂದೂ ತಪ್ಪದ ಹಾಗೆ ಹೆಸರುಗಳನ್ನು ಓದಿದಳು. ಕೊನೆಗೆ, "ಈಗ ನಮ್ಮ ವಿಜಯಶ್ರೀ ಟೀಚರ್" ಎಂದು ಸೇರಿಸಿದಳು.

"ಶಾಬಾಸ್ ಟೀಚರ್, ನಮ್ಮ ಆಯಿ ಹೆಸರ್ ಉಳಿಸಿದ್ರಿ ನೋಡ್ರಿ" ಎಂದು ನಜಮುನ್ನಿಸಾ ನನ್ನ ಕೈ ಹಿಡಿದರು. ಆ ಕೈಯನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ.

ಎಲ್ಲರೂ ಎದ್ದು ಹೋದ ಮೇಲೆ ಒಲೆಯ ಮುಂದೆ ಕೂತು ಹೇಳಿಬಿಟ್ಟೆ. "ಆಯಿ, ಅದರಾಗ ಹೆಸರಿಲ್ಲ. ಯಾರದೂ ಇಲ್ಲ. ನಾನು ಸುಳ್ಳು ಹೇಳಿದೆ."

ಆಯಿ ಹಿಟ್ಟು ನಾದುವುದನ್ನು ನಿಲ್ಲಿಸಲಿಲ್ಲ. "ಗೊತ್ತದ" ಅಂದರು. "ನನ್ನ ಹೆಸರ್ ಹ್ಯಾಂಗಿರ್ತದ ಅಂತ ನನಗ ಗೊತ್ತಿಲ್ಲೇನು? ಕಲಿಸಿದಾಕಿ ನೀನೇ ಅಲ್ಲ."

ನಾನು ಒಲೆಗೊಂದು ಕಟ್ಟಿಗೆ ದೂಡಿದೆ.

"ಭಾಗ್ಯಾಗ ನಾನೇ ಹೇಳಿದ್ದೆ, ಇಲ್ದಿದ್ರೂ ಓದು ಅಂತ. ನಾಕ್ ಮಂದಿ ಮುಂದ ಮನ್ಯಾಗಿನ ಟೀಚರ್ ಮರ್ಯಾದಿ ಹೋಗಬಾರದಲ್ಲ." ಹಿಟ್ಟಿನ ಉಂಡೆ ಕೈಗೆ ತಗೊಂಡು ಕೇಳಿದರು, "ಅದಿರ್ಲಿ, ಆ ಕತ್ತಿ ಯಾಕ್ ಕೊಟ್ಟಿ ಆಕಿಗಿ? ಹಸದ ಬಂದ ಹೊಳಿಗಿ ಕತ್ತಿ ತೋರಸ್ತಾರೇನು?"

ಬೈದಿದ್ದರೆ ಎದುರಿಗೆ ಅಳಬಹುದಿತ್ತು. ಅವರು ಬಿಸಿ ರೊಟ್ಟಿ ಮುರಿದು, ಪುಂಡಿಪಲ್ಯ ಹಾಕಿ ತಾಟು ಮುಂದಿಟ್ಟರು.

"ಉಣ್ಣು. ಉಂಡು, ನೀಲವ್ವನ್ನ ಮ್ಯಾಲ ತಾ. ಪಾಪ, ಅಕಿ ಇನ್ನಾ ನೀರಾಗೇ ಅದಾಳ."

ಪ್ರಕಾಶಕರಿಗೆ ಫೋನ್ ಮಾಡಿದೆ. ಮರುಮುದ್ರಣವಾದರೆ ನೋಡೋಣ ಅಂದರು. ಅಲ್ಲಿಯವರೆಗೆ ಕಾಯುವ ಮುಖ ನನಗಿಲ್ಲ. ಆದ್ದರಿಂದ ಇಲ್ಲಿ, ಆಯಿ ಹೇಳುವ ಸಾಲಿನಲ್ಲೇ:

ಹೆಸರು ಮರೆತುಹೋದವಳಿಗೆ ಮೊದಲ ಶರಣು. ಅವಳಿಂದ ಕಲಿತವಳು ಅಫಜಲಪುರದ ಮದೀನಾಬಿ. ಮದೀನಾಬಿಯಿಂದ ಕಲಿತವಳು ಇಜೇರಿಯ ಶಿವಕಾಂತಾ. ಶಿವಕಾಂತಾಳಿಂದ ಕಲಿತವಳು ಕೊಳಕೂರಿನ ಗಂಗಾಬಾಯಿ. ಗಂಗಾಬಾಯಿಯಿಂದ ಕದ್ದವಳು ನಾನು, ವಿಜಯಶ್ರೀ.