ಉಗ್ರಾಣದಕ್ಕ ಮತ್ತು ಬಾಗಿಲಿನ ಜಗಳ

ಜನ ಹತ್ತಿರ ಬಂದರೆ ತಾನಾಗಿ ತೆರೆದುಕೊಂಡು, ಹೋದಮೇಲೆ ತಾನಾಗಿ ಮುಚ್ಚಿಕೊಳ್ಳುವ ಗಾಜಿನ ಬಾಗಿಲುಗಳನ್ನು ತಯಾರಿಸುವ ಸಣ್ಣ ಕಂಪನಿಯೊಂದರಲ್ಲಿ ಅವಳಿಗೆ ಕೆಲಸ. ಬಾಗಿಲು ಮಾಡುವವರು ಬೇರೆ ಇದ್ದರು. ಇವಳದು ಬಾಗಿಲಿಗೆ ಬುದ್ಧಿ ಹೇಳುವ ಪ್ರೋಗ್ರಾಮುಗಳನ್ನು ಕಾಯುವ ಕೆಲಸ. ಆ ಪ್ರೋಗ್ರಾಮುಗಳ ಫೈಲುಗಳೆಲ್ಲ ಅವಳ ಮೇಜಿನ ಹಿಂದಿನ ಗೂಡಿನಂಥ ಕೋಣೆಯಲ್ಲಿ, ಹಗಲೂ ರಾತ್ರಿ ಗುಂಯ್‌ಗುಡುವ ಒಂದೇ ಕಂಪ್ಯೂಟರಿನೊಳಗೆ ಇದ್ದವು. ಯಾರು ಯಾವ ಫೈಲು ತಿದ್ದಬೇಕಾದರೂ ಮೊದಲು ಅದನ್ನು ತಮ್ಮ ಹೆಸರಿಗೆ ಪಡೆಯಬೇಕು, ತಿದ್ದಿ ವಾಪಸು ಇಡಬೇಕು, ಇಡುವಾಗ ಯಾಕೆ ತಿದ್ದಿದೆ ಎಂದು ಒಂದು ಸಾಲು ಬರೆಯಬೇಕು. ಹಳೆಯದು ಅಳಿಯುವುದಿಲ್ಲ. ಹೊಸದರ ಅಡಿಯಲ್ಲಿ ತೆಪ್ಪಗೆ ಕೂತಿರುತ್ತದೆ, ಬೇಕೆಂದಾಗ ಕರೆದರೆ ಎದ್ದು ಬರುತ್ತದೆ. ಹೊಸ ಫೈಲು ಹುಟ್ಟಿಸುವುದು, ಅದಕ್ಕೆ ಹೆಸರಿಡುವುದು, ಯಾರು ಯಾವುದನ್ನು ಮುಟ್ಟಬಹುದು ಎಂದು ಗೊತ್ತುಮಾಡುವುದು, ಪಡೆದುಕೊಂಡು ಮರೆತವರ ಕೈಯಿಂದ ಬಿಡಿಸಿಕೊಳ್ಳುವುದು ಎಲ್ಲ ಇವಳ ಪಾಲಿಗೆ. ಅದಕ್ಕೇ ಆಫೀಸಿನಲ್ಲಿ ಎಲ್ಲರೂ ಅವಳನ್ನು ಉಗ್ರಾಣದಕ್ಕ ಎನ್ನುತ್ತಿದ್ದರು.

ಈ ಕೆಲಸವನ್ನು ಅವಳು ಬೇಡಿ ಪಡೆದದ್ದೇನಲ್ಲ. ಮೊದಲೆಲ್ಲ ಕಂಪನಿಯವರು ಫೈಲುಗಳನ್ನು ತಮತಮಗೆ ತೋಚಿದ ಕಡೆ ಇಟ್ಟುಕೊಳ್ಳುತ್ತಿದ್ದರು. ‘ಹೊಸದು’, ‘ಹೊಸದು ಕೊನೆಯದು’, ‘ಇದೇ ಕೊನೆಯದು’, ‘ಇದನ್ನು ಯಾರೂ ಮುಟ್ಟಬೇಡಿ’ ಎಂದೆಲ್ಲ ಹೆಸರು. ಒಮ್ಮೆ ಈ ಗಲಿಬಿಲಿಯಲ್ಲಿ ತಪ್ಪು ಫೈಲೊಂದು ಬಟ್ಟೆ ಅಂಗಡಿಯೊಂದರ ಬಾಗಿಲಿಗೆ ಹೋಗಿಬಿಟ್ಟಿತು. ಆ ಬಾಗಿಲು ಜನರನ್ನು ಕಂಡರೆ ಮುಚ್ಚಿಕೊಳ್ಳುತ್ತಿತ್ತು, ಬೇಸತ್ತು ಅವರು ಹಿಂತಿರುಗಿದರೆ ತೆರೆದುಕೊಳ್ಳುತ್ತಿತ್ತು. ನೋಡಿ ಬರಲೆಂದು ಹೋದ ಕಂಪನಿಯ ಯಜಮಾನರು ಅದಕ್ಕೆ ಹಣೆ ಬಡಿದುಕೊಂಡು ಬಂದರು. ಮಾತಿಗೆ ಹೇಳಿದ್ದಲ್ಲ, ನಿಜವಾಗಿಯೇ ಬಡಿದುಕೊಂಡು ಬಂದರು. ಮಾರನೆಯ ದಿನವೇ ಫೈಲುಗಳಿಗೊಂದು ವ್ಯವಸ್ಥೆ ಬೇಕು ಎಂದು ಸಭೆ ಕರೆದರು. ನೋಡಿಕೊಳ್ಳುವವರು ಯಾರು ಎಂದಾಗ ಎಲ್ಲರೂ ನೆಲ ನೋಡಿದರು. ಇವಳು ಒಬ್ಬಳು ತಲೆ ಎತ್ತಿದ್ದಳು. ಅಷ್ಟೇ ಸಾಕಾಯಿತು.

ಮದುವೆಯಾದದ್ದೂ ಈ ಉಗ್ರಾಣದ ದೆಸೆಯಿಂದಲೇ. ಪ್ರೋಗ್ರಾಮು ಬರೆಯುವವರ ಪೈಕಿ ಒಬ್ಬ, ಫೈಲು ಪಡೆದರೆ ವಾಪಸು ಇಡುವುದನ್ನು ಪ್ರತಿಸಲವೂ ಮರೆಯುತ್ತಿದ್ದ. ಅವಳು ಎದ್ದು ಅವನ ಮೇಜಿಗೆ ಹೋಗಿ ಕೇಳಬೇಕಾಗುತ್ತಿತ್ತು. ಎಂಥ ಮರೆಗುಳಿ ಇದು ಎಂದು ಅವಳು ಗೊಣಗುತ್ತಿದ್ದಳು. ಬಹಳ ದಿನಗಳ ಮೇಲೆ, ಅವನು ಬೇರೆ ಯಾವ ವಿಷಯವನ್ನೂ ಮರೆಯುವವನಲ್ಲ ಎಂಬುದು ಅವಳ ಗಮನಕ್ಕೆ ಬಂತು. ಅವರ ಮದುವೆಯಾದ ಮೇಲೆ ಅವಳ ತಮ್ಮನೂ ಓದು ಮುಗಿಸಿ ಅದೇ ಕಂಪನಿಗೆ ಸೇರಿದ. ಅವರ ಮನೆಯ ಮೇಲಿನ ಕೋಣೆಯಲ್ಲೇ ವಾಸ, ಕೆಳಗೆ ಊಟ. ತಮ್ಮ ‘ಭಾವ, ಭಾವ’ ಎನ್ನುವುದನ್ನು ಕೇಳಿ ಕೇಳಿ ಇಡೀ ಆಫೀಸೇ ಅವಳ ಗಂಡನನ್ನು ಭಾವ ಎಂದು ಕರೆಯತೊಡಗಿತು. ಅವನಿಗಿಂತ ಎಷ್ಟೋ ದೊಡ್ಡವರಾದ ಯಜಮಾನರು ಕೂಡ.

ಭಾವ ಮೈದುನ ಇಬ್ಬರೂ ಚೆನ್ನಾಗಿಯೇ ಇದ್ದರು. ಕೆಟ್ಟದ್ದು ಒಂದು ರಜೆಯ ದಿನ ಮಧ್ಯಾಹ್ನದ ಊಟದಲ್ಲಿ. ತಮ್ಮ ತಾನು ಬರೆದ ಹೊಸ ಪ್ರೋಗ್ರಾಮಿನ ಬಗ್ಗೆ ಸ್ವಲ್ಪ ಹೆಚ್ಚೇ ಕೊಚ್ಚಿಕೊಳ್ಳುತ್ತಿದ್ದ.

“ಚೆನ್ನಾಗಿದೆ ಕಣೋ,” ಎಂದ ಭಾವ. “ಆದ್ರೆ ಅದನ್ನ ಓದ್ಬೇಕಂದ್ರೆ ನಿನ್ನನ್ನೂ ಪಕ್ಕದಲ್ಲಿ ಕೂರಿಸ್ಕೋಬೇಕು.”

ತಮ್ಮ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದ. “ನಿಮ್ಮ ಬಾಗಿಲು ಮುಚ್ಚೋ ಹೊತ್ತಿಗೆ ಅಂಗಡೀನೇ ಮುಚ್ಚಿರುತ್ತೆ ಭಾವ,” ಎಂದ.

ಅಲ್ಲಿಗೆ ಇಬ್ಬರ ನಡುವೆ ಮಾತು ನಿಂತಿತು. ಊಟ ನಿಲ್ಲಲಿಲ್ಲ. ತಮ್ಮ ಹೊತ್ತುಹೊತ್ತಿಗೆ ಸರಿಯಾಗಿ ಕೆಳಗಿಳಿದು ಬರುತ್ತಿದ್ದ. ಭಾವನ ಎದುರಿಗೇ ಕೂತು, “ಅಕ್ಕಾ, ಉಪ್ಪು ಈ ಕಡೆ ತಳ್ಳಕ್ಕೆ ಹೇಳು,” ಎನ್ನುತ್ತಿದ್ದ. “ಉಪ್ಪು ಅವನ ಮೊಣಕೈ ಹತ್ರಾನೇ ಇದೆ ಅಂತ ಹೇಳು,” ಎನ್ನುತ್ತಿದ್ದ ಗಂಡ. ಅಕ್ಕ ಇಬ್ಬರಿಗೂ ಹೇಳುತ್ತಿದ್ದಳು.

ಮನೆಯಲ್ಲಿ ನಿಂತ ಮಾತು ಉಗ್ರಾಣದಲ್ಲಿ ಶುರುವಾಯಿತು. ಬಾಗಿಲು ಎಷ್ಟು ಹೊತ್ತು ತೆರೆದಿರಬೇಕು ಎಂದು ಹೇಳುವ ಫೈಲೊಂದಿತ್ತು. ಭಾವ ಅದನ್ನು ಪಡೆದು ಏಳು ಸೆಕೆಂಡು ಎಂದು ಮಾಡಿ, ‘ಊರುಗೋಲು ಹಿಡಿದವರೂ ದಾಟಬೇಕು’ ಎಂದು ಬರೆದು ವಾಪಸು ಇಟ್ಟ. ತಮ್ಮ ಅದೇ ಫೈಲನ್ನು ಪಡೆದು ಮೂರು ಎಂದು ಮಾಡಿ, ‘ಅಷ್ಟು ಹೊತ್ತು ತೆರೆದಿಟ್ಟರೆ ಬೀದಿಯ ಧೂಳೆಲ್ಲ ಒಳಗೆ’ ಎಂದು ಬರೆದು ಇಟ್ಟ. ಭಾವ ಮತ್ತೆ ಏಳು ಮಾಡಿದ: ‘ಧೂಳನ್ನು ಗುಡಿಸಬಹುದು, ಬಾಗಿಲಿಗೆ ಸಿಕ್ಕಿದ ಅಜ್ಜಿಯನ್ನು ಗುಡಿಸಲು ಬರುವುದಿಲ್ಲ.’ ತಮ್ಮ ಮತ್ತೆ ಮೂರು ಮಾಡಿದ: ‘ಹಿಂದಿನ ಬದಲಾವಣೆ ಓದಿ ನಗು ಬಂತು. ತೆಗೆದುಹಾಕಿದ್ದೇನೆ.’

ಬರಬರುತ್ತ ಆ ಒಂದು ಸಾಲಿನಲ್ಲಿ ಮನೆಯ ಮಾತುಗಳೂ ನುಸುಳಿದವು. ‘ಮೂರು ಸೆಕೆಂಡಿಗೆ ಇಳಿಸಲಾಗಿದೆ. ಸ್ಕೂಟರಿನ ಕೀಲಿ ಯಾರ ಜೇಬಿನಲ್ಲಿದೆಯೋ ಅವರು ದಯವಿಟ್ಟು ಮೆಟ್ಟಿಲ ಮೇಲೆ ಇಡತಕ್ಕದ್ದು.’ ‘ಏಳಕ್ಕೆ ಏರಿಸಲಾಗಿದೆ. ಕೀಲಿ ಇಡಲಾಗಿದೆ. ಮೇಲಿನ ನಲ್ಲಿ ಸರಿಯಾಗಿ ನಿಲ್ಲಿಸುವುದು.’

ಉಗ್ರಾಣದಕ್ಕ ದಿನಾ ಬೆಳಿಗ್ಗೆ ಬಂದವಳೇ ಹಿಂದಿನ ದಿನ ಏನೇನು ಬದಲಾಗಿದೆ ಎಂದು ಓದುತ್ತಿದ್ದಳು. ಅದು ಅವಳ ಕೆಲಸ. ನಗು ಬಂದರೆ ಕೆಮ್ಮಿ ಮುಚ್ಚಿಕೊಳ್ಳುತ್ತಿದ್ದಳು. ನಿಯಮದ ಪ್ರಕಾರ ಅವರಿಬ್ಬರದೂ ತಪ್ಪೇನಿರಲಿಲ್ಲ. ಪಡೆಯುತ್ತಿದ್ದರು, ತಿದ್ದುತ್ತಿದ್ದರು, ಕಾರಣ ಬರೆದು ವಾಪಸು ಇಡುತ್ತಿದ್ದರು. ಗಂಡನಂತೂ ಈ ಜಗಳ ಶುರುವಾದಮೇಲೆ ಒಂದು ಫೈಲನ್ನೂ ವಾಪಸಿಡಲು ಮರೆತಿರಲಿಲ್ಲ. ಅದೊಂದು ಮಾತ್ರ ಅವಳಿಗೆ ಸ್ವಲ್ಪ ಚುಚ್ಚಿತ್ತು.

ಪಾಡುಪಟ್ಟವನು ಚಹಾದವನು. ಆಫೀಸಿನ ಮುಂಬಾಗಿಲು ಕಂಪನಿಯದೇ ಪ್ರಯೋಗದ ಬಾಗಿಲು. ಉಗ್ರಾಣಕ್ಕೆ ಕೊನೆಯದಾಗಿ ಬಂದ ಫೈಲನ್ನು ಅದು ದಿನಾ ಬೆಳಿಗ್ಗೆ ತಾನೇ ತೆಗೆದುಕೊಳ್ಳುತ್ತಿತ್ತು. ಭಾವ ಗೆದ್ದ ದಿನ ಚಹಾದವನು ಮದುವೆ ಗಂಡಿನ ಹಾಗೆ ನಿಧಾನವಾಗಿ ಒಳಗೆ ಬರುತ್ತಿದ್ದ. ತಮ್ಮ ಗೆದ್ದ ದಿನ ತಟ್ಟೆಯನ್ನು ಎದೆಗೆ ಅವಚಿಕೊಂಡು, ಅಡ್ಡ ತಿರುಗಿ, ಒಂದೇ ನೆಗೆತಕ್ಕೆ ಒಳಗೆ ಬೀಳುತ್ತಿದ್ದ. ಎರಡು ಸಲ ಬಾಗಿಲು ಅವನ ಕೆಟಲಿನ ಮೂತಿ ಕಚ್ಚಿತು.

“ಇವತ್ತು ಯಾರ ಬಾಗಿಲು ಅಕ್ಕಾ, ಭಾವಂದಾ ತಮ್ಮಂದಾ?” ಎಂದು ಅವನು ಹೊರಗಿನಿಂದಲೇ ಕೂಗಿ ಕೇಳತೊಡಗಿದ. ಅವಳು ಪರದೆ ನೋಡಿ ಉತ್ತರ ಹೇಳಬೇಕು, ಆಮೇಲೆ ಅವನು ಒಳಗೆ ಬರಬೇಕು.

ಹೀಗಿರುವಾಗ ದೊಡ್ಡ ಆಸ್ಪತ್ರೆಯೊಂದು ಕಂಪನಿಯ ಬಾಗಿಲುಗಳನ್ನು ಕೊಳ್ಳುವ ಮನಸ್ಸು ಮಾಡಿತು. ಆದರೆ ಆಸ್ಪತ್ರೆಯ ಬಾಗಿಲು ಹುಡುಗಾಟವಲ್ಲ. ಪ್ರೋಗ್ರಾಮಿನಲ್ಲಿ ಯಾರು ಏನನ್ನು ಯಾವಾಗ ಯಾಕೆ ಬದಲಾಯಿಸಿದರು ಎಂಬುದನ್ನೆಲ್ಲ ಅವರ ಕಡೆಯ ಪರಿಶೀಲಕಿ ಬಂದು ಮೊದಲಿಂದ ಕೊನೆಯವರೆಗೆ ಓದುತ್ತಾಳೆ ಎಂದು ಸುದ್ದಿ ಬಂತು. ಹಾಗಾದರೆ ತಾವೂ ಒಮ್ಮೆ ಓದಿಬಿಡೋಣ ಎಂದು ಯಜಮಾನರು ಕೂತರು. ಸ್ವಲ್ಪ ಹೊತ್ತಿಗೆಲ್ಲ ಎದ್ದು ಉಗ್ರಾಣದಕ್ಕನ ಮೇಜಿಗೆ ಬಂದರು.

“ಏನಮ್ಮಾ ಇದು? ‘ನಲ್ಲಿ ಸರಿಯಾಗಿ ನಿಲ್ಲಿಸುವುದು’ ಅಂತ ಇದೆ. ನಮ್ಮ ಬಾಗಿಲಲ್ಲಿ ನಲ್ಲಿ ಎಲ್ಲಿದೆ?”

“ಅದು ನಮ್ಮನೇ ನಲ್ಲಿ ಸರ್.”

“ಈ ‘ನಗು ಬಂತು’ ಅನ್ನೋದು?”

“ಅದು ನನ್ನ ತಮ್ಮಂದು.”

“ಇದನ್ನೆಲ್ಲ ಅಳಿಸಿಬಿಡಿ.”

“ಆಗಲ್ಲ ಸರ್.”

“ಆಗಲ್ವೋ, ಮಾಡಲ್ವೋ?”

ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. “ಆಗುತ್ತೆ ಸರ್. ಮಾಡಲ್ಲ. ಒಂದು ಸಾಲು ಅಳಿಸಿದೀವಿ ಅಂತ ಗೊತ್ತಾದ್ರೆ ಮಿಕ್ಕಿದ್ದನ್ನ ಯಾರು ನಂಬ್ತಾರೆ? ಆಮೇಲೆ ಮತ್ತೆ ಆ ಬಟ್ಟೆ ಅಂಗಡಿ ಥರಾನೇ ಆಗುತ್ತೆ.”

ಯಜಮಾನರ ಕೈ ತನ್ನಷ್ಟಕ್ಕೆ ತಾನೇ ಹಣೆಗೆ ಹೋಯಿತು. “ಇನ್ಮುಂದಾದ್ರೂ ನಿಲ್ಲಿಸಿ ಇದನ್ನ,” ಎಂದು ಹೇಳಿ ಹೊರಟರು.

ಅವಳು ಆಗಲೇ ನಿಲ್ಲಿಸಿದಳು. ಗಂಡನಿಗೂ ತಮ್ಮನಿಗೂ ಆ ಫೈಲಿನ ಮೇಲಿದ್ದ ಅಧಿಕಾರವನ್ನು ಕಿತ್ತುಹಾಕಿದಳು. ಇಬ್ಬರೂ ಒಟ್ಟಿಗೆ ಒಪ್ಪಿದರೆ ಮಾತ್ರ ಅದು ತೆರೆಯಬೇಕು, ಒಬ್ಬರಿಂದ ಆಗಕೂಡದು ಎಂದು ಕಟ್ಟುಮಾಡಿದಳು. ಕಾರಣದ ಸಾಲಿನಲ್ಲಿ ‘ಸಾಕಾಯಿತು’ ಎಂದು ಬರೆದಳು.

ಗಂಡ ಮನೆಗೆ ಬಂದವನೇ ಶೂ ಬಿಚ್ಚುತ್ತ, “ಕಟ್ಟಿಕೊಂಡ ಗಂಡನಿಗೇ ಬೀಗ ಹಾಕಿದ್ಯಲ್ಲೇ,” ಎಂದ.

“ಗಂಡನಿಗಲ್ಲ ರೀ, ಫೈಲಿಗೆ,” ಎಂದಳು.

ತಮ್ಮ ನೇರವಾಗಿ ಮೇಲೆ ಹೋದ. ಅವನು ಸುಮ್ಮನಿರುವವನಲ್ಲ ಎಂದು ಅವಳಿಗೆ ಗೊತ್ತಿತ್ತು. ಊಟದ ಹೊತ್ತಿನೊಳಗೆ ತಾಯಿಯ ಫೋನು ಬಂತು.

“ಏನೇ, ತಮ್ಮನಿಗೆ ಫೈಲು ಕೊಡಲ್ಲ ಅಂದ್ಯಂತೆ.”

“ಅಮ್ಮಾ, ಅದು ಆಫೀಸಿಂದು.”

“ಯಾವುದಾದ್ರೂ ಆಗ್ಲಿ. ಚಿಕ್ಕೋನು, ಆಸೆಪಟ್ಟು ಕೇಳ್ತಾನೆ, ಕೊಟ್ಟುಬಿಡು. ನಿನ್ನ ಹತ್ರ ಬೇಕಾದಷ್ಟಿವೆಯಂತಲ್ಲ.”

“ನಮ್ಮನೆಯವರಿಗೂ ಕೊಟ್ಟಿಲ್ಲಮ್ಮಾ.”

“ಅಳಿಯಂದಿರಿಗೂ ಇಲ್ವಾ? ನೀನು ಚಿಕ್ಕೋಳಿದ್ದಾಗ್ಲೂ ಹಿಂಗೇ. ಆಟದ ಸಾಮಾನು ಹಂಚ್ತಾ ಇರ್ಲಿಲ್ಲ,” ಎಂದು ತಾಯಿ ಫೋನಿಟ್ಟರು.

ಅಂದು ಊಟಕ್ಕೆ ಕೂತಾಗ ತಮ್ಮ, “ಅಕ್ಕಾ, ನೀರಿನ ಜಗ್ಗು...” ಎಂದು ಶುರುಮಾಡಿದ.

“ಇವತ್ತಿಂದ ನಾನು ಯಾರಿಗೂ ಏನೂ ಹೇಳಲ್ಲ,” ಎಂದು ಅವಳು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ಕಟ್ಟೆಗೆ ಒರಗಿ ನಿಂತೇ ಉಣ್ಣತೊಡಗಿದಳು. ಆಮೇಲೆ ಹೊರಗಿನಿಂದ ಗಂಡನ ದನಿ ಕೇಳಿತು, ಮೆಲ್ಲಗೆ:

“ನಿಮ್ಮಕ್ಕ ಮುಂಚೆಯಿಂದ್ಲೂ ಹಿಂಗೇನಾ?”

“ಇದೇನು ಭಾವ, ಈಗ ಎಷ್ಟೋ ವಾಸಿ,” ಎಂದ ತಮ್ಮ. “ಒಂದ್ಸಲ ನಾನು ಕೇಳದೆ ಪೆನ್ಸಿಲ್ ತಗೊಂಡೆ ಅಂತ ಮಂಚದ ಕೆಳಗೆ ಗೆರೆ ಎಳೆದು, ಇದು ನಿಂದು ಇದು ನಂದು ಅಂತ ಭಾಗ ಮಾಡಿಬಿಟ್ಟಿದ್ಲು.”

“ಮಂಚದ ಕೆಳಗಾ?”

“ಮೇಲೆ ಆಗ್ಲೇ ಮಾಡಿದ್ಲು.”

ಭಾವ ನಕ್ಕ ಸದ್ದು ಕೇಳಿತು. ತಮ್ಮನೂ ನಕ್ಕ. ಆಮೇಲೆ ನೀರಿನ ಜಗ್ಗು ಮೇಜಿನ ಮೇಲೆ ಜಾರಿದ ಸದ್ದು. ಅಡುಗೆಮನೆಯಲ್ಲಿ ಅವಳಿಗೆ ಒಂದು ಕಡೆ ಸಮಾಧಾನ, ಇನ್ನೊಂದು ಕಡೆ ಮೈಯೆಲ್ಲ ಉರಿ. ಪೆನ್ಸಿಲಿನ ಕಥೆಯಲ್ಲಿ ಅವನು ಅದರ ಮೊನೆ ಮುರಿದದ್ದನ್ನು ಹೇಳಲೇ ಇಲ್ಲವಲ್ಲ, ಹೋಗಿ ಹೇಳಿ ಬರಲೇ ಎಂದುಕೊಂಡಳು. ಹೋಗಲಿಲ್ಲ. ಕೆಟ್ಟಿದ್ದು ಕೂಡಿಕೊಳ್ಳುವಾಗ ಮಧ್ಯೆ ಹೋಗಬಾರದು ಎಂದು ತುತ್ತು ನುಂಗಿದಳು.

ಊಟವಾದ ಮೇಲೂ ಅವರು ಏಳಲಿಲ್ಲ. ಇವಳ ಬೀಗವನ್ನು ಹೇಗೆ ತಪ್ಪಿಸುವುದು ಎಂದು ತಲೆಗೆ ತಲೆ ಕೂಡಿಸಿ ಕೂತರು. ತಮ್ಮ ಹೇಳಿದ: ಆ ಫೈಲನ್ನು ಮುಟ್ಟುವುದೇ ಬೇಡ, ಸೆಕೆಂಡಿನ ಲೆಕ್ಕವನ್ನು ಅದರಿಂದ ಆಚೆಗೆ ತಂದು ಬೇರೆಯದೇ ಒಂದು ಸಣ್ಣ ಫೈಲಿನಲ್ಲಿಟ್ಟರೆ? ಭಾವ ಹೇಳಿದ: ಹಾಗೆ ಮಾಡುವುದಾದರೆ ಒಂದೊಂದು ಬಾಗಿಲಿಗೂ ಅದರದರ ಲೆಕ್ಕ ಇರಬಹುದು. ಆಸ್ಪತ್ರೆಯ ಮುಂಬಾಗಿಲಿಗೆ ಏಳು, ಶಸ್ತ್ರಚಿಕಿತ್ಸೆಯ ಕೋಣೆಗೆ ಮೂರು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ದಿನ ತಾವು ಬೇರೆ ಬೇರೆ ಬಾಗಿಲುಗಳ ಬಗ್ಗೆ ಕಿತ್ತಾಡುತ್ತಿದ್ದೆವು ಎಂದು ಆಗ ಹೊಳೆಯಿತು. ಅದರ ಹಿಂದೆಯೇ ಇನ್ನೊಂದೂ ಹೊಳೆಯಿತು. ಹೊಸ ಫೈಲು ಹುಟ್ಟಿಸುವ ಅಧಿಕಾರ ಇದ್ದದ್ದು ಉಗ್ರಾಣದಕ್ಕನಿಗೆ ಮಾತ್ರ. ಸೆಕೆಂಡನ್ನು ಆ ಹೊಸ ಫೈಲಿನಲ್ಲಿ ನೋಡು ಎಂದು ಹಳೆಯ ಫೈಲಿಗೆ ಹೇಳಬೇಕಾದರೂ ಅವಳ ಎದುರಿಗೇ ಇಬ್ಬರೂ ಒಪ್ಪಬೇಕಿತ್ತು.

ಮಾರನೆಯ ದಿನ ಆಫೀಸಿನಲ್ಲಿ ಇಬ್ಬರೂ ಅವಳ ಮೇಜಿನ ಮುಂದೆ ಬಂದು ನಿಂತರು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ಒಂದು ಹೊಸ ಫೈಲು ಬೇಕಿತ್ತು,” ಎಂದ ಭಾವ.

“ಹೆಸರು?”

ಇಬ್ಬರೂ ಹೆಸರು ಯೋಚಿಸಿರಲಿಲ್ಲ. “‘ಒಪ್ಪಂದ’ ಅಂತಿಡು,” ಎಂದ ತಮ್ಮ.

“ಫೈಲಲ್ಲಿ ಏನಿದೆಯೋ ಅದು ಹೆಸರಲ್ಲಿರ್ಬೇಕು. ‘ಬಾಗಿಲಿನ ಹೊತ್ತು’ ಅಂತಿಡ್ತೀನಿ. ಹಳೇದನ್ನೂ ತೆರೆದಿದೀನಿ, ಇಬ್ರೂ ಒಟ್ಟಿಗೆ ಒಪ್ಪಿ. ಕಾರಣ ಏನು?”

ಭಾವ ಕಾರಣ ಹೇಳಿದ, ತಮ್ಮ ಅದರಲ್ಲಿ ಎರಡು ಪದ ತಿದ್ದಿದ, ಭಾವ ತಿದ್ದಿಸಿಕೊಂಡ. ಅವಳು ಟೈಪು ಮಾಡಿದಳು. ಅವರು ಬೆನ್ನು ತಿರುಗಿಸಿ ಹೋದಮೇಲೆ ಕರ್ಚೀಪಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಪರಿಶೀಲಕಿ ಬಂದಳು. ದಪ್ಪ ಕನ್ನಡಕದ, ಮಾತು ಕಡಿಮೆಯ ಹೆಂಗಸು. ಉಗ್ರಾಣದಕ್ಕನ ಪಕ್ಕ ಕುರ್ಚಿ ಹಾಕಿಕೊಂಡು ಎಲ್ಲ ಬದಲಾವಣೆಗಳನ್ನೂ ಒಂದೊಂದಾಗಿ ಓದಿದಳು. ಯಜಮಾನರು ಬಾಗಿಲ ಬಳಿ ಸುಳಿದಾಡುತ್ತ ಮತ್ತೆ ಮತ್ತೆ ಚಹಾ ಕಳಿಸಿದರು. ಅಜ್ಜಿಯನ್ನು ಗುಡಿಸುವ ಸಾಲಿಗೆ ಬಂದಾಗ ಪರಿಶೀಲಕಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಕೊನೆಗೆ, “ಈ ಇಬ್ಬರನ್ನ ಕರೀರಿ,” ಎಂದಳು.

ಇಬ್ಬರೂ ಬಂದು ತಲೆ ತಗ್ಗಿಸಿ ನಿಂತರು.

“ನಾನು ನೋಡಿರೋ ಕಂಪನಿಗಳಲ್ಲೆಲ್ಲ ‘ಸಣ್ಣ ತಿದ್ದುಪಡಿ’ ಅಂತ ಬರೆದಿರ್ತಾರೆ,” ಎಂದಳು ಅವಳು. “ಯಾಕೆ ಅಂತ ಕೇಳಿದ್ರೆ ಬರೆದವರಿಗೇ ನೆನಪಿರಲ್ಲ. ನೀವು ಬೈದಾಡ್ಕೊಂಡು ಬರೆದಿದ್ರಲ್ಲಿ ಊರುಗೋಲಿನಿಂದ ಹಿಡಿದು ಧೂಳಿನ ತನಕ ಎಲ್ಲ ಕಾರಣಾನೂ ಇದೆ. ನನಗೆ ಬೇಕಾಗಿದ್ದು ಅದೇ. ಇನ್ಮೇಲೆ ಸ್ವಲ್ಪ ಮರ್ಯಾದೆಯಿಂದ ಬರೀರಿ. ಆದ್ರೆ ಕಮ್ಮಿ ಬರೀಬೇಡಿ.”

ಆಸ್ಪತ್ರೆ ಬಾಗಿಲುಗಳನ್ನು ಕೊಂಡಿತು. ಅಳಿಸದೆ ಇದ್ದದ್ದು ಎಷ್ಟು ಒಳ್ಳೆಯದಾಯಿತು ಎಂದು ಯಜಮಾನರು ತಾವೇ ಆ ತೀರ್ಮಾನ ಮಾಡಿದವರಂತೆ ಎಲ್ಲರಿಗೂ ಹೇಳಿಕೊಂಡು ಓಡಾಡಿದರು.

ಭಾವ ಮೈದುನ ಮಾತ್ರ ಒಂದಾದವರು ಒಂದಾಗಿಯೇ ಉಳಿದರು. ಸ್ವಲ್ಪ ದಿನಗಳ ಮೇಲೆ ಇಬ್ಬರೂ ಸೇರಿ ಯಜಮಾನರಿಗೆ ಒಂದು ಕೋರಿಕೆ ಸಲ್ಲಿಸಿದರು. ಫೈಲು ತಿದ್ದುವವರು ಕಾರಣ ಬರೆಯಬೇಕು ಎಂದಾದರೆ, ಫೈಲು ಕೊಡುವುದಿಲ್ಲ ಎನ್ನುವವರೂ ಕಾರಣ ಬರೆಯಬೇಕು. ಯಜಮಾನರು ಅದನ್ನು ಉಗ್ರಾಣದಕ್ಕನಿಗೇ ಕಳಿಸಿದರು. ಅವಳು ಅದನ್ನು ಎರಡು ಸಲ ಓದಿದಳು. ತಪ್ಪು ಹುಡುಕಲು ನೋಡಿದಳು, ಸಿಗಲಿಲ್ಲ. ಒಪ್ಪಿಗೆ ಹಾಕಿದಳು.

ಅದೇ ಮಧ್ಯಾಹ್ನ ತಮ್ಮ ಬೇಡದ ಜಾಗದಲ್ಲಿ ಬೇಡದ ಫೋಲ್ಡರೊಂದನ್ನು ಕೇಳಿದ. ಅವಳು ‘ಇಲ್ಲ’ ಎಂದು ಒತ್ತಿ, ಕಾರಣದ ಜಾಗದಲ್ಲಿ ‘ಬೇಡ ಅನ್ನಿಸಿತು’ ಎಂದು ಬರೆದಳು. ತಿರುಗಿ ನೋಡಿದರೆ ಬೆನ್ನ ಹಿಂದೆ ತಮ್ಮನೂ ಗಂಡನೂ ಕೈಕಟ್ಟಿ ನಿಂತಿದ್ದರು. ಅವಳು ಬರೆದದ್ದನ್ನು ಅಳಿಸಿ, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಹೋಗ್ರಿ ಆ ಕಡೆ,” ಎಂದಳು. “ಹಿಂದೆ ನಿಂತ್ಕೊಂಡ್ರೆ ನನಗೆ ಬರೆಯಕ್ಕಾಗಲ್ಲ.”