ಎರಡು ಚುಕ್ಕೆ ಬೆಸುಗೆ

ನನ್ನ ಸೋದರತ್ತೆಯ ಎಡಗೈಯನ್ನು ನಾನು ಸರಿಯಾಗಿ ನೋಡಿದ್ದು ನನ್ನ ಐವತ್ತೆರಡನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಅದು ಅವಳ ಉಣ್ಣೆಯಂಗಿಯ ಜೇಬಿನಲ್ಲೇ ಇರುತ್ತಿತ್ತು. ನಾವು ಚಿಕ್ಕವರಿದ್ದಾಗ, ಜೇಬಿನಲ್ಲಿ ತಿಂಡಿ ಬಚ್ಚಿಟ್ಟಿದ್ದಾಳೆಂದು ಅವಳನ್ನು ಕಾಡಿದ್ದೇ ಕಾಡಿದ್ದು. ಅತ್ತೆ ಒಂಟಿ. ನಾಲ್ಕನೇ ಮಹಡಿಯಲ್ಲಿ ಒಂದು ಕೋಣೆ, ಒಂದೇ ಕುರ್ಚಿ. ಬಂದವರು ಮಂಚದ ಮೇಲೆ ಕೂರಬೇಕು. ಬರುವವರಾದರೂ ಯಾರು? ತಿಂಗಳಿಗೊಮ್ಮೆ ನಾನು, ಅದೂ ಮೆಟ್ಟಿಲಿಗೆ ಶಾಪ ಹಾಕುತ್ತ.

ಯುದ್ಧಕಾಲದಲ್ಲಿ ಅವಳು ಸೈನಿಕರು ಎದೆಗೆ ಸಿಕ್ಕಿಸಿಕೊಳ್ಳುವ ಬಿಲ್ಲೆ ಮಾಡುವ ಕಾರ್ಖಾನೆಯಲ್ಲಿದ್ದಳು. ಎಂಟೇ ತಿಂಗಳಿಗೆ ಅದು ಮುಚ್ಚಿಹೋಯಿತೆಂದು ಮನೆಯವರಿಗೆ ಹೇಳಿದ್ದಳು. ಆಮೇಲೆ ನಲವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಒಗೆದ ಹಾಸುಬಟ್ಟೆಗಳನ್ನು ಮಡಿಚಿದಳು.

ನಾನು ಹಳೆಯ ಪದಕ, ಬಿಲ್ಲೆಗಳ ವ್ಯಾಪಾರಿ. ನನ್ನ ಕಣ್ಣು ತಪ್ಪುವುದಿಲ್ಲವೆಂಬ ಜಂಬ ಬೇರೆ. ಹೋದ ಚಳಿಗಾಲ ಶಾಲೆಯ ಟೀಚರೊಬ್ಬರು ತೀರಿಹೋದ ತಮ್ಮ ಅಪ್ಪನ ಬಿಲ್ಲೆ ತಂದರು. ಅಂಚು ಸವೆದು ತಯಾರಕರ ಗುರುತು ಅಳಿಸಿಹೋಗಿತ್ತು. ಹಿಂಬದಿಯಲ್ಲಿ ಸೂಜಿ ಸಿಕ್ಕಿಸುವ ಕೊಕ್ಕೆ ಮುರಿದದ್ದಕ್ಕೆ ಯಾರೋ ತಾಮ್ರದ ತಂತಿ ಸುತ್ತಿ ಸೀಸ ಮೆತ್ತಿದ್ದರು.

"ಇದನ್ನ ಮಾಡಿದ್ದು ಯಾರು ಅಂತ ಗೊತ್ತಾಗ್ಬೇಕು," ಎಂದರು. "ಅಪ್ಪ ಯುದ್ಧಕ್ಕೇ ಹೋಗಿಲ್ಲ, ಎಲ್ಲೋ ಅವಿತಿದ್ದು ಆಮೇಲೆ ನಕಲಿ ಬಿಲ್ಲೆ ಕೊಂಡ್ಕೊಂಡ ಅಂತಾರೆ ನಮ್ಮ ದೊಡ್ಡಪ್ಪನ ಮಕ್ಕಳು. ಕಾಗದಪತ್ರ ಎಲ್ಲ ಸುಟ್ಟುಹೋಗಿದೆ. ಉಳಿದಿರೋದು ಇದೊಂದೇ."

ತಿರುಗಿಸಿ ನೋಡಿದೆ. ಸೂಜಿಯ ಕೀಲು ಎಡಕ್ಕಿತ್ತು. ಸೈನ್ಯದ ಬಿಲ್ಲೆಗಳಲ್ಲಿ ಅದು ಬಲಕ್ಕಿರುತ್ತದೆ.

"ನಕಲಿ," ಎಂದೆ, ಕಡ್ಡಿ ಮುರಿದಂತೆ. ಅವರು ಎದ್ದರು. ಬಿಲ್ಲೆಯನ್ನು ನನ್ನ ಮೇಜಿನ ಮೇಲೇ ಬಿಟ್ಟು ಹೋದರು.

ಆ ಭಾನುವಾರ ನನ್ನ ಜಾಣತನ ಕೊಚ್ಚಿಕೊಳ್ಳಲು ಅದನ್ನು ಅತ್ತೆಗೆ ತೋರಿಸಿದೆ. ಅವಳು ಕಿಟಕಿಯ ಬೆಳಕಿಗೆ ಹಿಡಿದು ಹಿಂಬದಿಯನ್ನು ನನ್ನತ್ತ ತಿರುಗಿಸಿದಳು.

"ಕೀಲಿನ ಬುಡದಲ್ಲಿ ಎಷ್ಟು ಚುಕ್ಕೆ ಬೆಸುಗೆ ಇದೆ ನೋಡು."

"ಎರಡು."

"ಎಲ್ಲರೂ ಒಂದೇ ಹಾಕ್ತಿದ್ರು. ನನ್ನದು ಜಾರ್ತಿತ್ತು, ಅದಕ್ಕೇ ಎರಡು. ಇದು ನಾನು ಮಾಡಿದ್ದು ಕಣೋ."

ಬಿಲ್ಲೆ ಹಿಡಿಯುವ ಇಕ್ಕಳವನ್ನು ಬಲಗೈಯವರಿಗೆಂದು ಮೇಜಿಗೆ ಬಿಗಿದಿದ್ದರಂತೆ. ಇಪ್ಪತ್ತೆರಡು ಹುಡುಗಿಯರಲ್ಲಿ ಎಡಚಿ ಅತ್ತೆ ಒಬ್ಬಳೇ. ತನ್ನ ಕೈಗೆ ನಿಲುಕಲೆಂದು ಬಿಲ್ಲೆಯನ್ನು ತಲೆಕೆಳಗು ಸಿಕ್ಕಿಸಿ ಬೆಸೆಯುತ್ತಿದ್ದಳು. ನೆಟ್ಟಗೆ ಹಿಡಿದರೆ ಕೀಲು ಎಡಕ್ಕೆ ಬಂದಿರುತ್ತಿತ್ತು.

"ಇಕ್ಕಳ ನಂಗೆ ಹೊಂದಲ್ಲ ಅಂದೆ. ಕುಣಿಲಾರದೋಳು ನೆಲ ಡೊಂಕು ಅಂದ್ಲಂತೆ ಅಂದ ಮೇಸ್ತ್ರಿ. ಎಲ್ಲ ನಕ್ಕರು. ಕಾರ್ಖಾನೆ ಮುಚ್ಚಲಿಲ್ಲ ಕಣೋ, ನನ್ನನ್ನ ತೆಗೆದುಹಾಕಿದ್ರು. ನಾನು ಮಾಡಿದ್ದೆಲ್ಲ ಕುಲುಮೆಗೆ ಹೋಯ್ತು ಅಂದ್ಕೊಂಡಿದ್ದೆ. ಗೇಟಲ್ಲಿ ಜೇಬು ತಡಕ್ತಿದ್ರು. ಬಿಲ್ಲೆ ಅಂದ್ಮೇಲೆ ಸೈನ್ಯದ ಲಾರಿ ಹತ್ಬೇಕು, ಇಲ್ಲ ಕರಗಬೇಕು. ಮೂರನೇ ದಾರಿ ಇಲ್ಲ. ಇದು ಕರಗಿಲ್ಲ ಅಂದ್ರೆ ಸೈನ್ಯಕ್ಕೇ ಹೋಗಿದೆ."

ಅರವತ್ತೆರಡು ವರ್ಷ ಈ ಸುಳ್ಳನ್ನು ಒಬ್ಬಳೇ ಹೊತ್ತಿದ್ದಳು. ನನಗೆ ನಾಚಿಕೆಯಾಯಿತು.

"ಟೀಚರಿಗೆ ಹೇಳಿದ್ರೆ ನಿನ್ನ ವಿಷಯಾನೂ ಹೇಳ್ಬೇಕಾಗುತ್ತೆ," ಎಂದೆ.

"ಕರ್ಕೊಂಡೇ ಬಾ. ನಾನೇ ಹೇಳ್ತೀನಿ."

ಟೀಚರು ಬಂದು ಮಂಚದ ಅಂಚಿಗೆ ಕೂತರು. ಅತ್ತೆ ಎಡಗೈಯನ್ನು ಜೇಬಿನಿಂದ ತೆಗೆದಳು. ಹೆಬ್ಬೆರಳ ಮೇಲೆ ಹಳೆಯ ಸುಟ್ಟ ಕಲೆ. ಇಲ್ಲದ ಇಕ್ಕಳಕ್ಕೆ ಬಿಲ್ಲೆ ಸಿಕ್ಕಿಸಿ, ಇಲ್ಲದ ಬೆಸುಗೆ ಕಡ್ಡಿ ಹಿಡಿದು ತಾನು ಬೆಸೆಯುತ್ತಿದ್ದ ರೀತಿ ತೋರಿಸಿದಳು. ಕೆಲಸ ಕಳೆದುಕೊಂಡದ್ದನ್ನೂ ಹೇಳಿದಳು.

ಟೀಚರ ಕಣ್ಣು ತುಂಬಿತು. "ಅಪ್ಪನೂ ಎಡಚರೇ ಅಮ್ಮಾ. ಕೊಕ್ಕೆ ಮುರಿದಾಗ ಸೈನ್ಯದವರು ಹೊಸ ಬಿಲ್ಲೆ ಕೊಡ್ತೀವಿ ಅಂದ್ರಂತೆ. ಬೇಡ, ನನ್ನ ಕೈಗೆ ಸಲೀಸಾಗಿರೋದು ಇದೊಂದೇ ಅಂತ ತಾವೇ ತಂತಿ ಸುತ್ತಿಕೊಂಡ್ರಂತೆ."

ನಾನು ನನ್ನ ತಪ್ಪು ಒಪ್ಪಿಕೊಂಡು, ಬಿಲ್ಲೆ ಅಸಲಿಯೆಂದು ಬರೆದು ಸಹಿ ಹಾಕಿಕೊಟ್ಟೆ. ಅತ್ತೆ ಬಿಲ್ಲೆಯನ್ನು ಇನ್ನೊಮ್ಮೆ ಸವರಿ ಹಿಂದಕ್ಕೆ ಕೊಟ್ಟಳು. ಮತ್ತೆ ಬರುತ್ತೇನೆಂದು ಹೇಳಿ ಟೀಚರು ಮೆಟ್ಟಿಲಿಳಿದರು.

"ಯಾರೋ ಒಬ್ಬ ನನ್ನ ತಪ್ಪನ್ನ ಎದೆ ಮೇಲೆ ಹಾಕ್ಕೊಂಡು ತಿರುಗಿದ," ಎಂದಳು ಅತ್ತೆ. "ನಾನು ನೋಡು, ಈ ಕೈನ ಜೇಬಲ್ಲೇ ಇಟ್ಟೆ."

ಮರುವಾರ ಹೋದಾಗ ಕೋಣೆಯಲ್ಲಿ ಎರಡನೇ ಕುರ್ಚಿ ಬಂದಿತ್ತು. ಕೂರಲು ಹೋದೆ. "ನೀನು ಮಂಚದ ಮೇಲೆ ಕೂತ್ಕೋ," ಎಂದಳು. ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ಟೀಚರು ಬಂದಿಲ್ಲ. ನಾನು ಇನ್ನೂ ಮಂಚದ ಮೇಲೇ ಕೂರುತ್ತೇನೆ.