ದ್ಯಾಮಪ್ಪನವರ ಎಡಗನ್ನಡಿ

ಶಿರಸಿಯ ಆ ಕಂಪ್ಯೂಟರ್ ಅಂಗಡಿಯಲ್ಲಿ ಗೇಮ್ ಆಡುವವರಿಗೆಂದೇ ಮಾಡಿದ ಕೆಂಪು-ಕಪ್ಪು ಕುರ್ಚಿಯೊಂದಿತ್ತು. ತಿಳಿದವನೆಂದು ದ್ಯಾಮಪ್ಪ ಜೊತೆಗೆ ಕರೆತಂದ ಮನುಷ್ಯ ನಿಂತೇ ಇದ್ದರೆ ಚೆನ್ನಲ್ಲ ಎಂದು ಅದರಲ್ಲಿ ಕುಳಿತೆ. ಪಕ್ಕದಲ್ಲೊಂದು ಹಿಡಿಕೆ ಕಂಡಿತು. ಎಳೆದೆ. ಕುರ್ಚಿಯ ಬೆನ್ನು ಒಮ್ಮೆಲೇ ಹಿಂದಕ್ಕೆ ಮಲಗಿತು, ನಾನೂ ಮಲಗಿದೆ. ಕಾಲೆರಡೂ ಮೇಲೆದ್ದು, ಒಂದು ಚಪ್ಪಲಿ ಹಾರಿ ಪ್ರಿಂಟರುಗಳ ನಡುವೆ ಬಿತ್ತು.

ಅಂಗಡಿ ನಡೆಸುವ ಅಭಿಜ್ಞಾ ಓಡಿಬಂದು ನಮ್ಮ ಮನೆಮಾತಿನಲ್ಲೇ ಕೇಳಿದಳು: "ಪೆಟ್ಟಾತನ ಮಾವ?"

"ಎಂತೂ ಆಜಿಲ್ಲೆ ಕೂಸೆ. ಕುರ್ಚಿ ಗಟ್ಟಿ ಇದ್ದಾ ಹೇಳಿ ನೋಡ್ದೆ," ಎಂದೆ, ಮಲಗಿಕೊಂಡೇ.

ದ್ಯಾಮಪ್ಪ ನಗಲಿಲ್ಲ. "ಸ್ಲೀಪರ್ ಕೋಚ್ ಐತೇನ್ರಿ ಇದು?" ಎಂದಷ್ಟೇ ಕೇಳಿ, ಚಪ್ಪಲಿ ಹುಡುಕಿ ತಂದುಕೊಟ್ಟರು.

ದ್ಯಾಮಪ್ಪ ನಮ್ಮ ಓಣಿಯವರು. ಬನವಾಸಿ ಕಡೆಯಿಂದ ಬಂದು ಇಲ್ಲಿ ನೆಲೆಸಿ, ಆಯುಷ್ಯದ ಬಹುಪಾಲು ಬಸ್ಸು ಓಡಿಸಿದವರು. ಅವರ ಬಸ್ಸಿನಲ್ಲಿ ನಿದ್ದೆ ಹೋದವರಿಗೆ ತಮ್ಮ ಊರು ಬಂದದ್ದೂ ತಿಳಿಯದೆ ಮುಂದಿನ ಊರಿನಲ್ಲಿ ಎಚ್ಚರವಾಗುತ್ತಿತ್ತು. ಅವರ ಮೇಲೆ ಜನರಿಗಿದ್ದ ದೂರು ಅದೊಂದೇ.

ಒಂದು ದಿನ ಎಕ್ಕಂಬಿಯಲ್ಲಿ ಮುದುಕಿಯೊಬ್ಬಳು ಇಳಿಯುವಾಗ ಅವಳ ಸೆರಗು ಬಾಗಿಲಿಗೆ ಸಿಕ್ಕಿಕೊಂಡಿತು. ದ್ಯಾಮಪ್ಪ ಎಂದಿನಂತೆ ಎಡಗನ್ನಡಿ ನೋಡಿದರು. ಯಾರೂ ಕಾಣಲಿಲ್ಲ. ಗಾಡಿ ಬಿಟ್ಟರು. ಒಳಗಿದ್ದವರೆಲ್ಲ ಕೂಗಿ, ತಗಡು ಬಡಿದ ಮೇಲೆ ಗಾಡಿ ಹೇಗೋ ನಿಂತಿತು. ಮೊಣಕಾಲು ತರಚಿದ್ದು ಬಿಟ್ಟರೆ ಮುದುಕಿಗೆ ಏನೂ ಆಗಿರಲಿಲ್ಲ; ಮನಸಾರೆ ಬೈದು, ಸೆರಗು ಕೊಡವಿಕೊಂಡು ನಡೆದಳು. ದ್ಯಾಮಪ್ಪ ಕೆಳಗಿಳಿದು ಕನ್ನಡಿಯನ್ನು ಮುಟ್ಟಿ ನೋಡಿದರು. ಅದು ಸರಿಯಾಗಿಯೇ ಇತ್ತು.

"ಕನ್ನಡ್ಯಾಗ ಆಕಿ ಇದ್ಲ್ರಿ. ನನ್ನ ಕಣ್ಣಾಗ ಇರಲಿಲ್ಲ," ಎಂದು ಡಿಪೋಗೆ ಹೋಗಿ ಅವರೇ ಹೇಳಿದರು. ಯಾರೂ ಕೇಳಿರಲಿಲ್ಲ. ಕಣ್ಣಿನೊಳಗೆ ಒತ್ತಡ ಹೆಚ್ಚಿ ನೋಟ ಅಂಚಿನಿಂದ ಸವೆಯುತ್ತಿದೆ, ಹೋದದ್ದು ಮರಳುವುದಿಲ್ಲ, ಹನಿ ಹಾಕಿಕೊಂಡರೆ ಉಳಿದದ್ದು ಸ್ವಲ್ಪ ಕಾಲ ಉಳಿದೀತು ಎಂದರು ವೈದ್ಯರು. ದ್ಯಾಮಪ್ಪ ಮತ್ತೆ ಬಸ್ಸು ಹತ್ತಿದ್ದು ಪ್ರಯಾಣಿಕರಾಗಿ ಮಾತ್ರ.

ಮಗಳು ಜ್ಯೋತಿ ಮದುವೆಯಾಗಿ ಯಲ್ಲಾಪುರಕ್ಕೆ ಹೋಗುವಾಗ ತನ್ನ ಹಳೆಯ ಕಂಪ್ಯೂಟರಿಗೆ ಬಸ್ಸು ಓಡಿಸುವ ಆಟವೊಂದನ್ನು ಹಾಕಿ, ಮೇಜಿಗೆ ಆಟದ ಸ್ಟೇರಿಂಗು ಕಚ್ಚಿಸಿ ಹೋದಳು. ಬಹಳ ದಿನ ಅದಕ್ಕೆ ದ್ಯಾಮಪ್ಪನವರ ಹೆಂಡತಿ ಗೌರಕ್ಕ ತರಕಾರಿ ಚೀಲ ತೂಗುಹಾಕುತ್ತಿದ್ದರು. ಆಮೇಲೊಂದು ದಿನ ದ್ಯಾಮಪ್ಪ ಚೀಲ ತೆಗೆದಿಟ್ಟು ಕುಳಿತರು. ಹೊರಡುವ ಮೊದಲು ಬಟ್ಟೆಯಿಂದ ಪರದೆಯ ಎಡಮೂಲೆ ಒರೆಸಿದರು. ಆಟದ ಬಸ್ಸಿನ ಕನ್ನಡಿ ಇದ್ದದ್ದು ಅಲ್ಲೇ. ಆದರೆ ಚಿತ್ರ ಮೂಡಿಸುವ ಹಳೆಯ ಗ್ರಾಫಿಕ್ಸ್ ಕಾರ್ಡಿಗೆ ರಸ್ತೆ ತೋರಿಸುವುದೇ ಭಾರವಾಗಿ, ಕನ್ನಡಿಯೊಳಗೆ ಜನರ ಬದಲು ಬಣ್ಣದ ರಾಡಿ ಕಾಣುತ್ತಿತ್ತು. ಮೊದಲ ಸ್ಟಾಪಿನಲ್ಲಿ ಬಾಗಿಲು ತೆರೆದವರು ಗಾಡಿ ಎತ್ತಲೇ ಇಲ್ಲ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು, ಆಟವೇ ಅಂಕ ಕಳೆಯಿತು. ಇಳಿದವರು ದೂರ ಸರಿದದ್ದು ಕಾಣದೆ ಹೊರಡುವುದು ಹೇಗೆ? ಅವರ ಬಸ್ಸು ಆ ಸ್ಟಾಪನ್ನು ಒಂದು ದಿನವೂ ದಾಟಲಿಲ್ಲ. ಕಣ್ಣಿರುವಷ್ಟರಲ್ಲಿ ದಾಟಬೇಕೆಂದೇ ಅವರು ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ ಅಂಗಡಿಗೆ ತಂದದ್ದು.

ಅಭಿಜ್ಞಾ ಕಂಪ್ಯೂಟರಿನ ಡಬ್ಬ ಬಿಚ್ಚಿ ನೋಡಿದಳು. "ಕಾಕಾ, ಆಟದಲ್ಲಿ ಕನ್ನಡಿ ಆಫ್ ಮಾಡಿದ್ರೆ ಇದೇ ಕಾರ್ಡ್ ಸಾಕು. ಸುಮಾರು ಜನ ಹಾಗೇ ಮಾಡ್ತಾರೆ. ಕಾರ್ಡಿನ ಬದಲು ಅಗಲದ ಸ್ಕ್ರೀನ್ ತಗೊಳ್ಳಿ, ಕಣ್ಣಿಗೂ ಹಿತ."

"ಕನ್ನಡಿ ಇಲ್ದ ಬಸ್ ಓಡಸ್ತಾರ?" ದ್ಯಾಮಪ್ಪ ನನ್ನತ್ತ ತಿರುಗಿದರು.

ನನ್ನ ತಿಳಿವಳಿಕೆಯೆಲ್ಲ ಹಿಂದಿನ ದಿನ ಮೊಬೈಲಿನಲ್ಲಿ ನೋಡಿದ ವಿಡಿಯೋಗಳದ್ದು. ಅವುಗಳಲ್ಲಿ ನೆನಪುಳಿದದ್ದನ್ನೇ ಹೇಳಿದೆ: "ಒಳಗೆ ಬಣ್ಣಬಣ್ಣದ ಲೈಟು ಉರಿಯೋ ಡಬ್ಬ ಬರ್ತದೆ. ಅದನ್ನ ಹಾಕಿಸಿದ್ರೆ ಹೇಗೆ?"

"ಮದುವಿ ಗಾಡಿಗೆ ಚಲೋ ಆಗತೈತಿ ಬಿಡ್ರಿ."

ನನ್ನ ಪಾಂಡಿತ್ಯ ಅಲ್ಲಿಗೆ ಮುಗಿಯಿತು. ಅಭಿಜ್ಞಾ ಮೆಲ್ಲಗೆ ಹೇಳಿದಳು: "ಕಾಕಾ, ಅವರು ಆಟದ ಜನ. ಬಿದ್ರೂ ಸಾಯೋದಿಲ್ಲ."

ದ್ಯಾಮಪ್ಪ ಟವೆಲನ್ನು ಮಡಚಿ ಹೆಗಲಿಗೆ ಹಾಕಿಕೊಂಡರು. "ಗೊತ್ತೈತವ್ವಾ. ಅವರು ಸಾಯಂಗಿಲ್ಲ. ಆದ್ರ ನೋಡದ ಗಾಡಿ ಬಿಟ್ಟಾಂವ ನಾನ ಆಗ್ತೀನಲ್ಲ."

ಹುಡುಗಿ ಕಪಾಟು ತೆರೆದಳು. ಎರಡು ಕಾರ್ಡು ಹಾಕಿ ತೋರಿಸಿದಳು; ದ್ಯಾಮಪ್ಪ ರಸ್ತೆಯನ್ನಾಗಲೀ ಮರಗಳನ್ನಾಗಲೀ ನೋಡದೆ ಎರಡರಲ್ಲೂ ಎಡಮೂಲೆಯನ್ನೇ ನೋಡಿ, ಎರಡನೆಯದನ್ನು ಆರಿಸಿದರು. ಅದಕ್ಕೆ ಬೇಕಾದಷ್ಟು ಕರೆಂಟು ಕೊಡಲು ಹಳೆಯ ಪವರ್ ಸಪ್ಲೈಗೆ ತ್ರಾಣವಿಲ್ಲವೆಂದು ಅದನ್ನೂ ಬದಲಿಸಬೇಕಾಯಿತು. ಅಗಲದ ಸ್ಕ್ರೀನು ಅಂಗಡಿಯಲ್ಲೇ ಉಳಿಯಿತು.

ಸಂಜೆ ಅವಳೇ ಮನೆಗೆ ಬಂದು ಜೋಡಿಸಿಕೊಟ್ಟಳು. ದ್ಯಾಮಪ್ಪ ಕಣ್ಣಿಗೆ ಹನಿ ಹಾಕಿಕೊಂಡು, ರೆಪ್ಪೆ ಮುಚ್ಚಿ ಕುಳಿತಿದ್ದು, ಮೂಲೆ ಒರೆಸಿ ಹೊರಟರು. ಮೊದಲ ಸ್ಟಾಪು. ಬಾಗಿಲು ತೆರೆಯಿತು. ಪಕ್ಕದ ನೋಟ ಇಲ್ಲದ್ದರಿಂದ ಅವರು ಇಡೀ ಕುತ್ತಿಗೆಯನ್ನೇ ಎಡಕ್ಕೆ ತಿರುಗಿಸಿದರು. ಕನ್ನಡಿಯಲ್ಲಿ ಬಿಳಿಗೂದಲಿನ ಹೆಂಗಸೊಬ್ಬಳು ಕೈಚೀಲ ಹಿಡಿದು ಇಳಿಯುತ್ತಿದ್ದಳು. ಇಳಿದಳು. ಆಟದ ಮುದುಕಿಗೆ ಯಾವ ಅವಸರವೂ ಇರಲಿಲ್ಲ, ಇವರಿಗೂ ಇರಲಿಲ್ಲ. ಹಿಂದಿನಿಂದ ಹಾರ್ನ್ ಕೇಳಿಸಿತು. ಗೌರಕ್ಕ ಚಹಾ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಲೋಟಕ್ಕೆ ಯಾರೂ ಕೈ ಚಾಚಲಿಲ್ಲ. ಹೆಂಗಸು ಫುಟ್‌ಪಾತ್ ಹತ್ತಿ, ಕನ್ನಡಿಯ ಅಂಚು ದಾಟಿ ಹೋದಳು. ದ್ಯಾಮಪ್ಪ ಉಸಿರು ಬಿಟ್ಟು ಬಾಗಿಲು ಮುಚ್ಚಿ, ಗಾಡಿ ಎತ್ತಿದರು.

ಎರಡನೆಯ ಸ್ಟಾಪೂ ದಾಟಿತು. ನನಗೆ ಸುಮ್ಮನಿರಲು ಬರುವುದಿಲ್ಲ.

"ದ್ಯಾಮಪ್ಪಣ್ಣ, ಮುಂದೊಂದು ದಿನ ಈ ಕನ್ನಡಿಯೂ ಕಾಣದಿದ್ರೆ ಏನ್ ಮಾಡ್ತೀರಿ?"

ರಸ್ತೆಯಿಂದ ಕಣ್ಣು ತೆಗೆಯದೆ ಅವರು ಹೇಳಿದರು:

"ಆವಾಗ ನೀವು ಓಡಸ್ರಿ. ನಾ ಹಿಂದ ನಿಂತು ಸೀಟಿ ಹೊಡೀತೀನಿ."